ಅವ್ವನ ನಿಂಬೆಗೆ ನಾನು ಸುರಿದ ನೀರು

ಸಿಂದಗಿಯ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತೇನೆ. ಮಾತೇ ನನ್ನ ಹೊಟ್ಟೆಪಾಡು. ಹೋದ ಚಳಿಗಾಲದಲ್ಲಿ ಬಸವನ ಬಾಗೇವಾಡಿಯ ಚರ್ಚಾಸ್ಪರ್ಧೆಯೊಂದಕ್ಕೆ ತೀರ್ಪುಗಾರ್ತಿಯಾಗಿ ಹೋಗಿದ್ದೆ. ಗಿಡಮರಗಳಿಗೆ ನೈತಿಕ ಹಕ್ಕು ಇರಬೇಕೇ ಎಂಬುದು ವಿಷಯ. ಮೆಂತ್ಯ ಪಲ್ಲೆಯನ್ನು ಅದರ ಅಪ್ಪಣೆ ಕೇಳಿಯೇ ಕೀಳಬೇಕೇ ಎಂದು ಒಬ್ಬಳು ಎಲ್ಲರನ್ನೂ ನಗಿಸಿದಳು. ಇನ್ನೊಬ್ಬಳು ನಗಲಿಲ್ಲ. “ನೀರಡಿಕಿ ಆಗೈತಿ ಅಂತ ಹೇಳಾಕ ಬರದವರನ್ನ ನೀರಡಿಸಿ ನಿಲ್ಲಸೋದು ಯಾವ ನ್ಯಾಯರಿ?” ಎಂದು ನೇರ ನನ್ನನ್ನೇ ನೋಡಿದಳು. ಮೊದಲ ಬಹುಮಾನ ಅವಳಿಗೇ ಕೊಟ್ಟೆ. ಕೊಟ್ಟು ಬಂದರೂ ಅವಳ ಮಾತು ಬೆನ್ನು ಬಿಡಲಿಲ್ಲ.

ಏಕೆಂದರೆ ತಾಂಬಾದ ನಮ್ಮ ತೋಟದಲ್ಲಿ ಆಗ ಅಪ್ಪ ನಿಂಬೆಗಿಡಗಳಿಗೆ ನೀರು ನಿಲ್ಲಿಸಿದ್ದರು. ನಮ್ಮ ಕಡೆ ಅದೇ ರೂಢಿ. ಬಾವಿಯಲ್ಲಿ ನೀರಿದ್ದರೂ ವಾರಗಟ್ಟಲೆ ಕೊಡದೆ, ಎಲೆ ಮುದುಡುವವರೆಗೆ ಬಾಡಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಬಿಟ್ಟರೆ ಗಿಡ ಮೈತುಂಬ ಹೂ ಬಿಡುತ್ತದೆ. ಆ ನಿಂಬೆಯ ದುಡ್ಡಿನಿಂದಲೇ ನಾನು ಓದಿದ್ದು. ಅಲ್ಲಿಯವರೆಗೆ ಎಂದೂ ಏನೂ ಅನ್ನಿಸಿರಲಿಲ್ಲ.

ರವಿವಾರ ಊರಿಗೆ ಹೋದೆ. ಬಾವಿ ದಂಡೆಯ ಗಿಡ ಅವ್ವ ನೆಟ್ಟದ್ದು. ಅವಳು ತೀರಿಕೊಂಡ ಮೇಲೆ ಅವಳ ಕೈಯದು ಅಂತ ಜೀವಂತ ಉಳಿದದ್ದು ಅದೊಂದೇ. ಅದರ ಎಲೆಗಳೂ ಸುರುಳಿ ಸುತ್ತಿದ್ದವು. ಕೊನೆಯ ದಿನಗಳಲ್ಲಿ ಅವ್ವನಿಗೆ ನೀರು ಕೊಡಬೇಡಿ ಎಂದು ದವಾಖಾನೆಯಲ್ಲಿ ಹೇಳಿದ್ದರು. ಅವಳು ತುಟಿ ಸವರಿಕೊಳ್ಳುತ್ತಿದ್ದಳು, ನಾನು ಮುಖ ತಿರುಗಿಸಿ ಕೂತಿದ್ದೆ. ಅದು ನೆನಪಾದದ್ದೇ ತಡ, ಅಪ್ಪ ನಮಾಜಿಗೆ ಹೋದ ಹೊತ್ತು ನೋಡಿ ಎಂಟು ಕೊಡ ನೀರು ಹೊತ್ತು ಬುಡಕ್ಕೆ ಸುರಿದೆ. ಹಗುರಾಯಿತು. ಅಪ್ಪನಿಗೆ ಹೇಳಲಿಲ್ಲ.

ಬುಧವಾರ ಅಪ್ಪನ ಫೋನು ಬಂತು. “ಬಾವಿ ದಂಡಿ ಗಿಡ ಎಲಿ ಉದುರಸಾಕತ್ತೈತಿ. ನೀ ಏನರ ನೀರ ಹಾಕೀಯೇನ?”

ಇಲ್ಲ ಅಂದೆ. ಬಾಡಿದ ಗಿಡಕ್ಕೆ ಒಮ್ಮೆಲೇ ನೀರು ಸುರಿದರೆ ಎಲೆ ಉದುರಿ ಸಾಯಬಹುದೆಂದು ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ? ನನಗೂ ಗೊತ್ತಿತ್ತು.

ರಜೆ ಹಾಕಿ ಓಡಿದೆ. ಗಿಡ ಬೋಳು, ಬರೀ ಮುಳ್ಳು. “ನಾನ ಹಾಕೀನಪ್ಪಾ. ನೋಡಾಕ ಆಗಲಿಲ್ಲ” ಅಂದೆ. ಅಪ್ಪ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಒಂದು ಕೊಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದು ತೋರಿಸಿದರು. ಒಳಗೆ ಹಸಿರಿತ್ತು. “ಜೀವ ಐತಿ. ಕಾಯಬೇಕು” ಎಂದರು.

ಕಾಯುವುದು ನನಗೆಲ್ಲಿ ಬರುತ್ತದೆ? ವಾರಕ್ಕೆರಡು ಸಲ ಬಸ್ಸು ಹತ್ತಿ ಬಂದು ಒಂದೊಂದು ಕೊಂಬೆ ಕೆರೆದು ನೋಡುತ್ತಿದ್ದೆ. ಹಸಿರು ಕಂಡರೆ ಒಂದು ತಾಸು ನೆಮ್ಮದಿ, ಸಿಂದಗಿ ಮುಟ್ಟುವಷ್ಟರಲ್ಲಿ ಮತ್ತೆ ಅನುಮಾನ. ಪಾಠ ಮಾಡುವಾಗಲೂ ಹೆಬ್ಬೆರಳ ಉಗುರು ಮೇಜಿನ ಅಂಚನ್ನು ಕೆರೆಯುತ್ತಿತ್ತು.

ಒಂದು ಸಂಜೆ ಅಪ್ಪ ನನ್ನ ಕೈ ಹಿಡಿದು ನಿಲ್ಲಿಸಿದರು. ಗಿಡದ ತುಂಬ ನನ್ನ ಉಗುರಿನ ಗಾಯ, ಕೆಲವು ಕಪ್ಪಾಗಿದ್ದವು.

“ಅವತ್ತ ನೀರ ಹಾಕಿದ್ದು ನಿನ್ನ ಸಮಾಧಾನಕ್ಕ. ಇವತ್ತ ಕೆರಿಯೋದೂ ನಿನ್ನ ಸಮಾಧಾನಕ್ಕ. ಗಿಡದ್ದು ಯಾವಾಗ ವಿಚಾರ ಮಾಡ್ತಿಯವ್ವಾ?”

ಅಳು ಬಂತು.

ಗಿಡ ಉಳಿಯುತ್ತದೋ ಇಲ್ಲವೋ, ಇನ್ನೂ ಗೊತ್ತಾಗಿಲ್ಲ. ಈಗಲೂ ಹೋಗುತ್ತೇನೆ. ಎರಡು ಮಾರು ದೂರ ನಿಂತು ಮುಷ್ಟಿ ಬಿಗಿಹಿಡಿಯುತ್ತೇನೆ. ಉಗುರು ನನ್ನ ಅಂಗೈಗೇ ಚುಚ್ಚುತ್ತದೆ.