ನಡುವೆ ಒಂದು ಕರಿ ಗೆರೆ

ಆ ಕ್ಯಾಮೆರಾ ನನ್ನ ಕೈಗೆ ಬರುವ ಹೊತ್ತಿಗೇ ಮುದಿಯಾಗಿತ್ತು. ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಕಾಲ. ಮಿಲಿಟರಿಯಲ್ಲಿದ್ದ ಸೋದರಮಾವ ಹೊಸದೊಂದು ಕೊಂಡ ಮೇಲೆ ಹಳೆಯದನ್ನು ನನಗೆ ದಾಟಿಸಿದರು. ಸೋಪಿನ ಡಬ್ಬಿಗಿಂತ ಒಂಚೂರು ದಪ್ಪ, ಅಷ್ಟೆ. ಲೆನ್ಸು ಮೈಗೇ ಅಂಟಿಕೊಂಡದ್ದು, ಬಿಚ್ಚುವ ಹಾಗಿಲ್ಲ, ಎಳೆದು ಉದ್ದ ಮಾಡುವ ಹಾಗೂ ಇಲ್ಲ. ಹತ್ತಿರದ್ದು ಬೇಕೆಂದರೆ ನಾನೇ ಹತ್ತಿರ ಹೋಗಬೇಕು, ದೂರದ್ದು ಬೇಕೆಂದರೆ ನಾನೇ ಹಿಂದೆ ಸರಿಯಬೇಕು. ಒಂದು ಕಡೆ ಕೂತು ಕಾಫಿ ಮುಗಿಸಲೂ ತಾಳ್ಮೆಯಿಲ್ಲದ ನನಗೆ ಹೇಳಿ ಮಾಡಿಸಿದಂತಿತ್ತು.

ಮಾವ ಅದನ್ನು ಕೊಡುವಾಗ ಏನೇನೋ ಹೇಳಿದರು. “ಇದು ರೋಲಿನ ಒಂದೊಂದು ಚೌಕದಲ್ಲಿ ಎರಡೆರಡು ಫೋಟೋ ತೆಗೀತದೆ. ಒಂದು ರೋಲ್ ಹಾಕಿದ್ರೆ ಎರಡು ರೋಲಿನಷ್ಟು ಬರುತ್ತೆ. ಆದ್ರೆ ತೊಳೆಸೋವಾಗ ಸ್ಟುಡಿಯೋದವನಿಗೆ ಮೊದಲೇ ಹೇಳಿಬಿಡಮ್ಮ” ಎಂದರು. ಎರಡರಷ್ಟು ಎಂಬುದು ಕಿವಿಗೆ ಬಿದ್ದದ್ದೇ ತಡ, ಮಿಕ್ಕಿದ್ದನ್ನು ಕೇಳಿಸಿಕೊಳ್ಳುವ ವ್ಯವಧಾನ ನನಗಿರಲಿಲ್ಲ. ಆಗಲೇ ಅಂಗಳಕ್ಕೆ ಓಡಿ ಅಮ್ಮನನ್ನು ಬಾವಿಕಟ್ಟೆಯ ಮೇಲೆ ಕೂರಿಸಿದ್ದೆ.

ನನಗೆ ಆಗ ಗುಬ್ಬಿಯಲ್ಲಿ ಟೈಪಿಸ್ಟ್ ಕೆಲಸ. ದಿನಾ ತುಮಕೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ದಿನವಿಡೀ ಸ್ಟೂಲಿನ ಮೇಲೆ ಕೂತು ಬೇರೆಯವರ ಮಾತನ್ನು ಕುಟ್ಟುವ ಆ ಕೆಲಸ ನನಗೆ ಬೇಡಿ ತೊಡಿಸಿದಂತಿತ್ತು. ಕ್ಯಾಮೆರಾ ಬಂದ ಮೇಲೆ ಊಟದ ಬಿಡುವಿನಲ್ಲಿ ಡಬ್ಬಿಯನ್ನು ನಿಂತೇ ಖಾಲಿ ಮಾಡಿ ಆಚೆ ಓಡುತ್ತಿದ್ದೆ. ಗುಬ್ಬಿ ಕೆರೆ ಏರಿ, ಕಾಯಿ ಸುಲಿಯುವವರು, ರೈಲ್ವೆ ಗೇಟಿನಲ್ಲಿ ಬಾಗಿಲು ತೆರೆಯಲೆಂದು ಕಾಯುವ ಎಮ್ಮೆಗಳು. ಸುಲಿದ ಸಿಪ್ಪೆಯ ರಾಶಿಯ ಮೇಲೆ ಬಿಸಿಲು ಬಿದ್ದಾಗ ಅದು ನಾಯಿಯ ಬೆನ್ನಿನ ಹಾಗೆ ಮಿನುಗುವುದನ್ನು ನಾನು ಕಂಡದ್ದೇ ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟ ಮೇಲೆ. ಅದಕ್ಕೂ ಮುಂಚೆ ಎಷ್ಟೋ ಸಲ ಅದೇ ರಾಶಿಯನ್ನು ದಾಟಿಕೊಂಡು ಹೋಗಿದ್ದೆ. ಬೆಳಕು ಸಾಲದಿದ್ದರೆ ಮಾತ್ರ ಕಿಂಡಿಯೊಳಗೆ ಒಂದು ಕೆಂಪು ನಾಲಿಗೆ ಮೇಲೆದ್ದು, ಗುಂಡಿ ಒತ್ತಿದರೂ ಒತ್ತಿಸಿಕೊಳ್ಳುತ್ತಿರಲಿಲ್ಲ. ಆಗ ನನಗೆ ಬರುತ್ತಿದ್ದ ಸಿಟ್ಟು ಅಷ್ಟಿಷ್ಟಲ್ಲ. ಮುದಿ ಯಂತ್ರ ನನಗೇ ಬುದ್ಧಿ ಹೇಳುತ್ತದಲ್ಲ ಎಂದು ಅದನ್ನು ಚೀಲಕ್ಕೆ ತುರುಕುತ್ತಿದ್ದೆ.

ಮನೆಯಲ್ಲೂ ಆಗ ಯಾರೂ ನೆಮ್ಮದಿಯಾಗಿರಲಿಲ್ಲ. ಅಪ್ಪ ತುಮಕೂರು ಬಸ್ ಸ್ಟಾಂಡಿನಲ್ಲಿ ಕಂಟ್ರೋಲರ್. ಒಂದು ಕಿಟಕಿಯ ಹಿಂದೆ ಕೂತು ಯಾವ ಬಸ್ಸು ಎಷ್ಟು ಹೊತ್ತಿಗೆ ಎಲ್ಲಿಗೆ ಹೊರಡುತ್ತದೆಂದು ಮೈಕಿನಲ್ಲಿ ಕೂಗುವುದು, ಕಂಡಕ್ಟರುಗಳು ಕಿಟಕಿಯೊಳಗೆ ಚಾಚುವ ಟ್ರಿಪ್ ಶೀಟಿಗೆ ಸಹಿ ಹಾಕುವುದು ಅವರ ಕೆಲಸ. ಕುಣಿಗಲ್ ರೂಟಿನ ಒಬ್ಬ ಕಂಡಕ್ಟರ್ ಹೀಗೆ ಸಹಿ ಹಾಕಿಸಿಕೊಳ್ಳುತ್ತಲೇ ನನ್ನ ಅಕ್ಕನಿಗೆ ಪರಿಚಯವಾದ. ಅಪ್ಪನಿಗೆ ಊಟದ ಡಬ್ಬಿ ಕೊಡಲು ಹೋಗುತ್ತಿದ್ದವಳು ಅವಳು. ಒಂದು ಬೆಳಿಗ್ಗೆ ಅವಳು ಯಾರಿಗೂ ಹೇಳದೆ ಅದೇ ಕುಣಿಗಲ್ ಬಸ್ಸು ಹತ್ತಿ ಹೋಗಿ ಅವನನ್ನು ಮದುವೆಯಾದಳು. ಜಾತಿ ಗೀತಿಯ ತಕರಾರು ಅಪ್ಪನಿಗೆ ಇರಲಿಲ್ಲ. ಅವರನ್ನು ಕೊರೆದದ್ದು ಬೇರೆ. “ನಾನೇ ಕೂಗಿ, ನಾನೇ ಸೈನ್ ಹಾಕಿ, ನಾನೇ ರೈಟ್ ಅಂದು ಕಳಿಸ್ದೆ ಕಣೇ” ಎಂದು ಅಮ್ಮನ ಹತ್ತಿರ ಒಮ್ಮೆ ಹೇಳಿದ್ದರು. ಬಸ್ ಸ್ಟಾಂಡಿನವರೆಲ್ಲ ಅದನ್ನು ಹೇಳಿಕೊಂಡು ನಕ್ಕಿದ್ದರು.

ಅವತ್ತಿನಿಂದ ಅಪ್ಪ ಅಕ್ಕನ ಮುಖ ನೋಡಲಿಲ್ಲ. ಅಳಿಯನ ಮುಖವನ್ನು ನೋಡದೆ ಇರುವುದು ಅಷ್ಟು ಸುಲಭವಿರಲಿಲ್ಲ, ಏಕೆಂದರೆ ಆತ ಅದೇ ರೂಟಿನಲ್ಲಿದ್ದ, ದಿನಾ ಕಿಟಕಿಗೆ ಬರುತ್ತಿದ್ದ. ಅಪ್ಪ ತಲೆಯೆತ್ತದೆ ಕೈ ಮಾತ್ರ ಚಾಚಿ ಶೀಟು ತೆಗೆದುಕೊಂಡು, ಸಹಿ ಗೀಚಿ, ಹಿಂದಕ್ಕೆ ತಳ್ಳುತ್ತಿದ್ದರು. ಮೈಕಿನಲ್ಲಿ ಮಿಕ್ಕ ಊರುಗಳೆಲ್ಲ ಖಣಖಣ ಕೇಳಿಸುತ್ತಿದ್ದವು, ಕುಣಿಗಲ್ ಮಾತ್ರ ಅವರ ಗಂಟಲಿನಲ್ಲೇ ಉಳಿಯುತ್ತಿತ್ತು. “ಗೂಳೂರು, ಹೆಬ್ಬೂರು ಮಾರ್ಗವಾಗಿ…” ಎಂದು ಏನೋ ಗೊಣಗಿ ಮೈಕ್ ಆರಿಸುತ್ತಿದ್ದರು. ಎಲ್ಲಿಗಂದ್ರು, ಎಲ್ಲಿಗಂದ್ರು ಎಂದು ಒಬ್ಬರನ್ನೊಬ್ಬರು ಕೇಳುತ್ತ ಎಷ್ಟೋ ಜನ ಬಸ್ಸು ತಪ್ಪಿಸಿಕೊಳ್ಳುತ್ತಿದ್ದರು.

ಹೀಗಿರುವಾಗ ಅಕ್ಕ ಬಸುರಿಯಾದಳು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು, ತವರಿನವರೇ ಹೋಗಿ ಕರೆತರಬೇಕು. ಏಳನೇ ತಿಂಗಳು ತುಂಬಿತು, ಎಂಟು ಹಿಡಿಯಿತು. ಅಮ್ಮ ಬಾಯಿ ಬಿಟ್ಟು ಕೇಳಿದರೆ ಅಪ್ಪ ತಟ್ಟೆ ಬಿಟ್ಟು ಏಳುತ್ತಿದ್ದರು. ಅಮ್ಮ ಬಾಣಂತಿಯ ಕೋಣೆಗೆಂದು ಹಳೇ ಸೀರೆಗಳನ್ನು ಒಗೆದು ಮಡಿಸಿಟ್ಟು, ಮತ್ತೆ ಬಿಚ್ಚಿ, ಮತ್ತೆ ಮಡಿಸುತ್ತಿದ್ದಳು. ನನಗೆ ಇಬ್ಬರನ್ನೂ ನೋಡಿ ಮೈಯೆಲ್ಲ ಉರಿಯುತ್ತಿತ್ತು. ಒಂದು ಭಾನುವಾರ ಕ್ಯಾಮೆರಾ ಎತ್ತಿಕೊಂಡು ನಾನೇ ಕುಣಿಗಲ್‌ಗೆ ಹೊರಟೆ.

ಅಕ್ಕ ಬಾಗಿಲ ಹತ್ತಿರವೇ ನಿಂತಿದ್ದಳು. ಹೊಟ್ಟೆ ಮುಂದೆ, ಅವಳು ಹಿಂದೆ. ಮುಖ, ಕೈ ಎಲ್ಲ ಇಳಿದುಹೋಗಿತ್ತು. ನಡಿ ಮನೆಗೆ ಹೋಗೋಣ ಎಂದೆ. “ಅಪ್ಪ ಬಂದು ಕರೆದ್ರೆ ಬರ್ತೀನಿ. ಇಲ್ದಿದ್ರೆ ಇಲ್ಲೇ ಆಗ್ಲಿ ಬುಡು” ಎಂದಳು. ಅಪ್ಪನ ಮಗಳೇ ಸರಿ. ಇಬ್ಬರದೂ ಒಂದೇ ಹಟ, ನಡುವೆ ಸಾಯುವವರು ನಾವು.

ಅಲ್ಲೇ ನನಗೆ ಹೊಳೆಯಿತು. ಬರುವುದಿಲ್ಲವೆಂದರೆ ಬೇಡ, ಇವಳ ಫೋಟೋ ತೆಗೆದು ಅಪ್ಪನ ಮುಂದೆ ಹಿಡಿಯುತ್ತೇನೆ. ನೋಡಿ ಸುಮ್ಮನಿರಲಿ ನೋಡೋಣ ಎಂದುಕೊಂಡೆ. ಅಕ್ಕ, ಭಾವ, ಅವಳ ಅತ್ತೆ ಮೂವರನ್ನೂ ಸಾಲಾಗಿ ನಿಲ್ಲಿಸಲು ಹೋದರೆ ಅತ್ತೆ ಸುತರಾಂ ಒಪ್ಪಲಿಲ್ಲ. “ಒಂದು ಫೋಟೋದಾಗೆ ಮೂರು ಜನ ಬ್ಯಾಡ ಕಣವ್ವ. ಅದ್ರಲ್ಲೂ ಬಸುರಿ ಹೆಂಗ್ಸು” ಎಂದು ಪಕ್ಕಕ್ಕೆ ಸರಿದರು. ಭಾವನೂ ಸರಿದ. ಜೋಡಿಯಾಗಿ ನಿಲ್ಲಲು ಅತ್ತೆಯ ಎದುರು ಅಕ್ಕನಿಗೆ ನಾಚಿಕೆ. ಕೊನೆಗೆ ಅವಳು ಒಳಗಿನಿಂದ ಕಾಫಿ ತಂದು ಜಗಲಿಯ ತುದಿಯಲ್ಲಿದ್ದ ಗಂಡನಿಗೆ ಲೋಟ ಚಾಚಿದಳಲ್ಲ, ಆಗ ಒತ್ತಿಬಿಟ್ಟೆ. ಆ ಕ್ಯಾಮೆರಾದ ಚೌಕಟ್ಟು ನೆಟ್ಟಗೆ, ಇಕ್ಕಟ್ಟು. ಅಕ್ಕ ಸಿಕ್ಕಳು, ಚಾಚಿದ ಕೈ ಸಿಕ್ಕಿತು, ಲೋಟ ಸಿಕ್ಕಿತು. ಭಾವ ಆಚೆ ಉಳಿದ.

ಮರುದಿನ ಬೆಳಿಗ್ಗೆ ಗುಬ್ಬಿ ಬಸ್ಸಿಗೆ ಕಾಯುತ್ತಾ ಬಸ್ ಸ್ಟಾಂಡಿನಲ್ಲಿ ಅಡ್ಡಾಡುತ್ತಿದ್ದೆ. ಅಪ್ಪನ ಕಿಟಕಿಯ ಮುಂದೆ ಭಾವ ಶೀಟು ಹಿಡಿದು ನಿಂತಿದ್ದ. ಅಪ್ಪ ಎಂದಿನಂತೆ ತಲೆ ಬಗ್ಗಿಸಿ ಕೈ ಚಾಚಿದರು. ಅವರ ಮೊಂಡುತನದ ಮೇಲಿನ ಸಿಟ್ಟಿಗೇ ಇರಬೇಕು, ಅದನ್ನೂ ಒಂದು ತೆಗೆದೆ. ಅಲ್ಲೂ ಭಾವನ ಭುಜದ ಚೂರೂ ಚೌಕಟ್ಟಿನೊಳಗೆ ಬರಲಿಲ್ಲ.

ಇನ್ನು ಆ ಮೊದಲ ರೋಲು ಮುಗಿಯಬೇಕು, ತೊಳೆಸಬೇಕು. ಆದರೆ ಎರಡರಷ್ಟು ಬರುತ್ತದೆಂದು ಹಿಗ್ಗಿದ್ದೆನಲ್ಲ, ಆ ರೋಲು ಮುಗಿಯುವ ಲಕ್ಷಣವೇ ಕಾಣಲಿಲ್ಲ. ಅತ್ತ ಅಕ್ಕನಿಗೆ ಒಂಬತ್ತು ಹತ್ತಿರವಾಗುತ್ತಿದೆ, ಇತ್ತ ನಾನು ಒತ್ತಿದಷ್ಟೂ ಸುರುಳಿ ಮುಂದೆ ಹೋಗುತ್ತಲೇ ಇದೆ. ಸಿಕ್ಕಿದ್ದಕ್ಕೆಲ್ಲ ಒತ್ತಿದೆ. ಬಕೆಟ್ಟು, ಬೆಕ್ಕು, ಹಿತ್ತಲ ತೆಂಗಿನಮರ, ಗೋಡೆ. “ಏನೇ, ಗೋಡೆ ಫೋಟೋ ತೆಗೀತಾ ಇದೀಯಲ್ಲ, ಸರಿಯಾಗಿದೀಯ ತಾನೆ?” ಎಂದು ಅಮ್ಮ ಹಣೆ ಮುಟ್ಟಿ ನೋಡಿದಳು. ಆ ದಿನಗಳಲ್ಲಿ ನನಗೆ ಫೋಟೋ ತೆಗೆಯುವ ಖುಷಿಯೆಲ್ಲ ಹೋಗಿ, ಸುರುಳಿ ತಿರುಗುವ ಕರಕರ ಶಬ್ದವಷ್ಟೇ ಉಳಿದಿತ್ತು. ಕೊನೆಗೊಂದು ದಿನ ಸುರುಳಿ ತಿರುಗಿಸುವ ಹಲ್ಲಿನ ಗಾಲಿ ಬಿಗಿಯಾಗಿ ನಿಂತಿತು. ನಾನು ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ, ಮಂಡಿಪೇಟೆಯ ಸ್ಟುಡಿಯೋಗೆ ಓಡಿದೆ.

ಮಾವ ಹೇಳು ಎಂದಿದ್ದನ್ನು ಸ್ಟುಡಿಯೋದವರಿಗೆ ಹೇಳಿರಲಿಲ್ಲವಲ್ಲ, ಅವರು ತಮ್ಮ ರೂಢಿಯಂತೆ ಒಂದೊಂದು ಚೌಕಕ್ಕೆ ಒಂದೊಂದು ಪ್ರಿಂಟು ಹಾಕಿಟ್ಟಿದ್ದರು. ಎರಡು ದಿನ ಬಿಟ್ಟು ನಾನು ಹೋದಾಗ ಕವರು ಕೊಡುತ್ತಾ, “ನಿಮ್ಮ ಕ್ಯಾಮೆರಾ ಕೆಟ್ಟದೆ ಕಣಮ್ಮ. ಒಂದ್ರಲ್ಲಿ ಎರಡು ಸೇರ್ಕೊಂಡ್ಬಿಟ್ಟವೆ” ಎಂದರು. ತೆಗೆದು ನೋಡಿದೆ. ಬಾವಿಕಟ್ಟೆಯ ಮೇಲೆ ಅಮ್ಮ, ಅವಳ ಪಕ್ಕದಲ್ಲೇ ಗುಬ್ಬಿಯ ಎಮ್ಮೆ. ಬೆಕ್ಕಿನ ಪಕ್ಕ ಬಕೆಟ್ಟು. ಎರಡೆರಡು ಚಿತ್ರಗಳ ನಡುವೆ ದಾರದಷ್ಟು ತೆಳ್ಳಗಿನ ಕರಿ ಗೆರೆ. ರೇಗಿ, ಮತ್ತೆ ಹಾಕಿಕೊಡಿ ಎನ್ನಬೇಕು ಅನ್ನುವಷ್ಟರಲ್ಲಿ ಆ ಫೋಟೋ ಕೈಗೆ ಬಂತು. ಎಡಗಡೆ ಅಕ್ಕ ಕಾಫಿ ಲೋಟ ಚಾಚಿದ್ದಾಳೆ. ಬಲಗಡೆ ಅಪ್ಪ ತಲೆ ಬಗ್ಗಿಸಿ, ಈಸಿಕೊಳ್ಳಲು ಕೈ ಚಾಚಿದ್ದಾರೆ. ಲೋಟಕ್ಕೂ ಕೈಗೂ ನಡುವೆ ಗೆರೆಯೊಂದೇ. ಸ್ಟುಡಿಯೋದವರು ಇಣುಕಿ, “ಇದೊಂದು ಮಾತ್ರ ಚೆನ್ನಾಗಿ ಬಂದೈತೆ” ಎಂದರು. ಮತ್ತೆ ಹಾಕಿಕೊಡಿ ಎನ್ನುವುದನ್ನು ಬಿಟ್ಟು, ದುಡ್ಡು ಕೊಟ್ಟು ಹೊರಬಂದೆ.

ಮನೆಗೆ ಹೋಗುವಷ್ಟು ಸಹನೆ ಯಾರಿಗಿತ್ತು? ನೇರ ಬಸ್ ಸ್ಟಾಂಡಿಗೆ ನಡೆದು ಫೋಟೋವನ್ನು ಕಿಟಕಿಯೊಳಗೆ ತಳ್ಳಿದೆ. ಅಪ್ಪ ತಲೆಯೆತ್ತದೆ ತೆಗೆದುಕೊಂಡು, ಪೆನ್ನು ಹಿಡಿದು ಸಹಿ ಹಾಕುವುದಕ್ಕೇ ಬಗ್ಗಿದರು. ನಿಬ್ಬು ತಾಗುವ ಮುಂಚೆ ಕೈ ನಿಂತಿತು. ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದರು.

“ಇದ್ಯಾವಾಗ? ನಾನ್ಯಾವಾಗ ಅವ್ಳ ಕೈಲಿ ಕಾಫಿ ಈಸ್ಕೊಂಡೆ?”

“ಅದು ಎರಡು ಫೋಟೋ ಅಪ್ಪ. ಸೇರ್ಕೊಂಡ್ಬಿಟ್ಟಿದೆ.”

“ಮತ್ತೆ ಯಾರಿಗೆ ಕೊಡ್ತಾವ್ಳೆ?”

“ಭಾವನಿಗೆ.”

“ನಾನು ಯಾರ್ ಹತ್ರ ಈಸ್ಕೊತಾ ಇದೀನಿ?”

“ಅವ್ರ ಹತ್ರಾನೇ. ಟ್ರಿಪ್ ಶೀಟು.”

ಅಪ್ಪ ಆ ಕರಿ ಗೆರೆಯ ಮೇಲೆ ಹೆಬ್ಬೆರಳು ಇಟ್ಟು ಉಜ್ಜಿದರು, ಒರೆಸಿದರೆ ಹೋಗುತ್ತದೇನೋ ಎಂಬಂತೆ. ಆಮೇಲೆ ಅಕ್ಕನ ಕೈಯನ್ನೇ ನೋಡುತ್ತಾ, “ಬಳೆ ನಿಲ್ಲಂಗಿಲ್ಲ, ಹಂಗೆ ಸೊರಗವ್ಳಲ್ಲೇ” ಎಂದರು. ನಾನು ಏನಾದರೂ ಚುಚ್ಚಿ ಹೇಳಬೇಕೆಂದು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡು ಬಂದಿದ್ದೆ. “ಎಂಟು ತುಂಬ್ತಾ ಬಂತಪ್ಪ” ಎಂದಷ್ಟೇ ಹೇಳಿದೆ.

ಆಚೆ ಕುಣಿಗಲ್ ಬಸ್ಸು ಸ್ಟಾರ್ಟ್ ಆಯಿತು. ಭಾವ ಶೀಟು ಹಿಡಿದು ನನ್ನ ಹಿಂದೆ ಬಂದು ನಿಂತಿದ್ದ. ಅಪ್ಪ ಅದಕ್ಕೆ ಸಹಿ ಹಾಕಿ ಕೊಟ್ಟು, ಮೈಕಿನ ಗುಂಡಿ ಒತ್ತಿ, ಗಂಟಲು ಸರಿಮಾಡಿಕೊಂಡರು. “ಕುಣಿಗಲ್. ಗೂಳೂರು, ಹೆಬ್ಬೂರು ಮಾರ್ಗವಾಗಿ ಕುಣಿಗಲ್‌ಗೆ ಹೋಗೋರು ಹತ್ಕೊಳ್ಳಿ, ಕುಣಿಗಲ್.” ಬಸ್ ಸ್ಟಾಂಡಿನ ಆ ತುದಿಯ ಬಾಳೆಹಣ್ಣಿನವಳೂ ತಿರುಗಿ ನೋಡಿದಳು. ಅಪ್ಪ ಪಕ್ಕದಲ್ಲಿದ್ದ ಸಹಾಯಕನಿಗೆ ಕುರ್ಚಿ ಬಿಟ್ಟುಕೊಟ್ಟು, ಫೋಟೋವನ್ನು ಜೇಬಿಗಿಟ್ಟುಕೊಂಡು ಹೊರಬಂದು, ಬಸ್ಸಿನ ಕಡೆ ನಡೆದರು. ನಾನು ಹಿಂದೆಯೇ ಓಡಿ ಹತ್ತಿದೆ.

ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತೆವು. ಗೂಳೂರು ದಾಟುವವರೆಗೂ ಭಾವ ಹಿಂದಿನ ಸಾಲುಗಳಲ್ಲೇ ಟಿಕೆಟ್ ಹರಿಯುತ್ತಾ ಕಾಲ ತಳ್ಳಿದ. ಕೊನೆಗೆ ಬರಲೇಬೇಕಾಯಿತು. ಬಂದು, ಅಪ್ಪನ ಭುಜದ ಹತ್ತಿರ ಕಂಬಿ ಹಿಡಿದು ನಿಂತ. ನಾನು ಅಭ್ಯಾಸಬಲದಿಂದ ಕ್ಯಾಮೆರಾ ಎತ್ತಿದೆ, ಒಳಗೆ ರೋಲಿಲ್ಲವೆಂಬುದು ಆಮೇಲೆ ನೆನಪಾಯಿತು.

“ಟಿಕೆಟ್ ಕೊಡು” ಎಂದರು ಅಪ್ಪ, ಕಿಟಕಿಯಾಚೆ ನೋಡುತ್ತಾ.

“ನಿಮ್ದು ಪಾಸ್ ಇದೆಯಲ್ಲ ಸಾರ್.”

“ಪಾಸು ಡ್ಯೂಟಿಗೆ. ಇದು ಮನೆ ಕೆಲ್ಸ. ಹೋಗೋಕೆ ಎರಡು, ಬರೋಕೆ ಮೂರು.”

“ಬರೋದಕ್ಕೆ ಈಗ್ಲೇ ಹರಿಯೋ ಹಂಗಿಲ್ಲ ಸಾರ್.”

“ರೂಲ್ಸು ನಂಗೊತ್ತು” ಎಂದು ಅಪ್ಪ ತಿರುಗಿದರು. ಅಷ್ಟು ದಿನಗಳಲ್ಲಿ ಮೊದಲ ಸಲ ಅವನ ಮುಖ ನೋಡಿದರು. “ಬರೋವಾಗ ಈ ಮುಂದಿನ ಸೀಟೇ ಹಿಡಿದಿಡು. ಹಿಂದೆ ಕೂರ್ಸಿದ್ರೆ ಕುಲುಕ್ತದೆ, ಅವ್ಳಿಗಾಗಲ್ಲ.”