ಗಂಜಿ ತೆಳಿಯಲ್ಲಿ ಒರೆಸಿದ ದೇವರ ಬಾಗಿಲು

ಗಾಜಿನ ಮೇಲೆ ಕಲೆ ಕಂಡರೆ ನನಗೆ ಕೈ ಸುಮ್ಮನಿರುವುದಿಲ್ಲ. ಸಾಲಿಗ್ರಾಮದಲ್ಲಿ ಸಂಸಾರ ಹೂಡಿದವಳಿಗೆ ಇಂಥ ಸ್ವಭಾವ ಇರಬಾರದು. ನಮ್ಮ ಮನೆಯಿಂದ ಕಡಲು ಕಾಣುವುದಿಲ್ಲ, ಆದರೆ ಅದರ ಉಪ್ಪುಗಾಳಿ ಮಾತ್ರ ತಪ್ಪದೆ ಬಂದು ಕಿಟಕಿಗಳ ಮೇಲೆ ಕೂರುತ್ತದೆ. ಹೊರಗಿನ ಗಾಜಿಗೆ ಉಪ್ಪು, ದೇವರ ಕೋಣೆಯ ಗಾಜಿನ ಬಾಗಿಲಿಗೆ ದೀಪದ ಎಣ್ಣೆ ಮಸಿ. ಅಂಗಡಿಯ ನೀಲಿ ಸ್ಪ್ರೇ ಹಿಡಿದು ನಾನು ಎರಡರ ಮೇಲೂ ಯುದ್ಧ ಸಾರಿದ್ದೆ.

ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಅತ್ತೆ ಕೆಮ್ಮತೊಡಗಿದರು. ಅವರಿಗೆ ಮೊದಲೇ ಉಬ್ಬಸ. ದಿನಾ ಬೆಳಿಗ್ಗೆ ದೇವರ ಮುಂದೆ ಒಂದು ಗಂಟೆ ಕೂತು ಸ್ತೋತ್ರ ಹೇಳಿಕೊಳ್ಳುವುದೇ ಅವರ ದೊಡ್ಡ ಸುಖ. ಸ್ಪ್ರೇ ಹೊಡೆದ ಆ ಪುಟ್ಟ ಕೋಣೆಯಲ್ಲಿ ಸ್ತೋತ್ರ ಎರಡನೇ ಸಾಲಿಗೇ ನಿಂತು ಎದೆ ಸುಂಯ್‌ಗುಟ್ಟುತ್ತಿತ್ತು. ಕೊನೆಗೆ ಒಳಗೆ ಕೂರುವುದನ್ನೇ ಬಿಟ್ಟು, ಹೊರಗಿನಿಂದಲೇ ಕೈಮುಗಿದು ಹೋಗತೊಡಗಿದರು. ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು. ಹೊರಗೆ ನಿಂತು ಕೈಮುಗಿಯುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ಸ್ಪ್ರೇ ಬಾಟಲಿ ಕಸಕ್ಕೆ ಹೋಯಿತು. ಕೊಕ್ಕರ್ಣೆಯ ನನ್ನ ತವರಿನಲ್ಲಿ ಅಮ್ಮ ಕಿಟಕಿ ಒರೆಸುತ್ತಿದ್ದುದು ಗಂಜಿ ತೆಳಿಯಲ್ಲಿ. ಅನ್ನ ಬಸಿದ ತೆಳಿಗೆ ಇಷ್ಟು ನೀರು ಬೆರೆಸಿ, ಹಳೇ ಪಂಚೆ ತುಂಡಿನಿಂದ ಉಜ್ಜಿ, ಒಣ ಪೇಪರಿನಲ್ಲಿ ಒರೆಸಿದರೆ ಮುಗಿಯಿತು. ಹಾಗೇ ಮಾಡಿದೆ. ಕಿಟಕಿಗಳು ಮುಗಿದ ಉಮೇದಿನಲ್ಲಿ ದೇವರ ಬಾಗಿಲನ್ನೂ ಒರೆಸಿದೆ. ಕಲೆಯೂ ಇಲ್ಲ, ವಾಸನೆಯೂ ಇಲ್ಲ. ಮರುದಿನ ಅತ್ತೆ ಮೆಲ್ಲಗೆ ಒಳಗೆ ಬಂದು ಕೂತರು. ಸ್ತೋತ್ರ ಪೂರ್ತಿ ಮುಗಿಯಿತು.

"ಹೆಣೆ, ಎಂತ ಹಾಕಿ ಒರ್ಸಿದ್ದೆ? ಒಂಚೂರೂ ಕೆಮ್ಮು ಬರ್ಲಿಲ್ಲ."

"ಗಂಜಿ ತೆಳಿ, ಅತ್ತೆ!" ಎಂದು ಬೀಗಿದೆ.

"ಅಯ್ಯೋ ದೇವ್ರೇ, ದೇವ್ರ ಕ್ವಾಣಿಗೆ ಮುಸ್ರಿ ತಂದ್ಯಲೆ!"

ನಾಲಿಗೆ ಕಚ್ಚಿಕೊಂಡೆ. ಬೆಂದ ಅನ್ನ ತಾಗಿದ್ದೆಲ್ಲ ನಮ್ಮಲ್ಲಿ ಮುಸುರೆ. ಕೈ ತೊಳೆಯದೆ ಬೇರೇನನ್ನೂ ಮುಟ್ಟುವಂತಿಲ್ಲ. ತವರಿನಲ್ಲಿ ದೇವರಿಗೆ ಗಾಜಿನ ಬಾಗಿಲೇ ಇರಲಿಲ್ಲ, ಹಾಗಾಗಿ ಈ ಪೇಚು ನನ್ನ ತಲೆಗೆ ಹೊಳೆದಿರಲಿಲ್ಲ. ಅತ್ತೆ ಮತ್ತೆ ಸ್ನಾನಕ್ಕೆ ಹೋದರು, ನಾನು ಇಡೀ ಕೋಣೆ ತೊಳೆದೆ. ನಾಲ್ಕು ದಿನಕ್ಕೆ ಮಸಿ ಮತ್ತೆ ಕೂತಿತು. ನಿಂಬೆರಸ ಹಚ್ಚಿದರೆ ಗೆರೆಗೆರೆ ಉಳಿಯಿತು. ಮತ್ತೆ ಆ ನೀಲಿ ಬಾಟಲಿ ತರಬೇಕೇನೋ ಎಂದು ನನಗೆ ಅಳುವೇ ಬಂತು.

ಐದನೇ ಬೆಳಿಗ್ಗೆ ಅತ್ತೆ ಒಂದು ಚೊಂಬು ಬಿಳಿ ನೀರು ತಂದು ನನ್ನ ಮುಂದೆ ಕುಕ್ಕಿದರು.

"ಅಕ್ಕಿ ತೊಳ್ದ ನೀರ್. ಬೆಂದದ್ದ್ ಮುಸ್ರಿ. ಬೇಯ್ದೇ ಇದ್ದದ್ದಕ್ಕೆ ಎಂತ ಮುಸ್ರಿ?"

ನಾಲ್ಕು ದಿನ ಯೋಚಿಸಿ ಹುಡುಕಿದ ದಾರಿ ಅದು. ಅವರು ವಕೀಲರಾಗಬೇಕಿತ್ತು. ಉಜ್ಜಿದೆ, ಪೇಪರಿನಲ್ಲಿ ಒರೆಸಿದೆ, ಮಸಿ ಬಿಟ್ಟಿತು. ಅಂದಿನಿಂದ ಅಕ್ಕಿ ತೊಳೆದ ಮೊದಲ ನೀರು ದೇವರ ಬಾಗಿಲಿಗೆ, ಅತ್ತೆಯ ಒಂದು ಗಂಟೆ ಅತ್ತೆಗೆ.

ಮೊನ್ನೆ ಪೇಪರ್ ಹಿಡಿದು ಹೋದರೆ ಅವರು ಬಾಗಿಲ ಮುಂದೆ ಬಗ್ಗಿ ನಿಂತಿದ್ದರು. ಗಾಜಿನಲ್ಲಿ ಯಾರದೋ ಬೆರಳಿನ ಗುರುತು. ಅತ್ತೆ ಬಾಯಿ ಹತ್ತಿರ ತಂದು, 'ಹಾ...' ಎಂದು ಉದ್ದಕ್ಕೆ ಉಸಿರು ಬಿಟ್ಟು, ಸೆರಗಿನ ತುದಿಯಲ್ಲಿ ಉಜ್ಜಿದರು. ದೇವರ ಹೂವನ್ನು ಮೂಸಿದರೂ ಎಂಜಲು ಅನ್ನುವ ಹೆಂಗಸು! ಆ ಉಸಿರು ನಡುವೆ ಎಲ್ಲೂ ತುಂಡಾಗಲಿಲ್ಲ, ಎದೆ ಸುಂಯ್ ಅನ್ನಲಿಲ್ಲ.

ಗಾಜಿನಲ್ಲಿ ನನ್ನ ಮುಖ ಕಂಡಿರಬೇಕು, ಗಕ್ಕನೆ ತಿರುಗಿದರು.

"ಎಂತ ಕಾಣ್ತಾ ನಿಂತಿದ್ದೆ?"

"ಎಂತ ಇಲ್ಲ ಅತ್ತೆ. ಆ ಮೂಲಿ ಬಿಟ್ಟೋಯ್ತ್. ಅಲ್ಲಿಗೂ ಒಂದ್ ಉಸ್ರ್ ಬಿಡಿ" ಅಂದೆ.