ಜಗುಲಿಯ ಮೇಲೆ ಉಣಿಸಿದವಳು

ಮೊನ್ನೆ ಒಲೆಯ ಮೇಲೆ ಕುಚ್ಚಲಕ್ಕಿ ಗಂಜಿ ಇಟ್ಟು ಫೋನಿನಲ್ಲಿ ಮಾತಾಡುತ್ತ ನಿಂತೆ. ಗಂಜಿ ತಳ ಹಿಡಿಯಿತು. ಕಾರವಾರದ ಈ ಬಾಡಿಗೆ ಮನೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟರೂ ಸೀದ ವಾಸನೆ ಹೋಗಲಿಲ್ಲ. ಆಮೇಲೆ ನಾನೂ ಅದನ್ನು ಓಡಿಸುವುದು ಬಿಟ್ಟು ಸುಮ್ಮನೆ ಕುಳಿತೆ. ಅಂಕೋಲೆ ಹತ್ತಿರದ ನಮ್ಮೂರು ಕೇಣಿಯಲ್ಲಿ ನಮ್ಮ ಪಕ್ಕದ ಮನೆಯ ಚಿಕ್ಕಿಯ ಅಡುಗೆಮನೆ ಹೀಗೇ ನಾರುತ್ತಿತ್ತು...

ರಕ್ತಸಂಬಂಧದ ಚಿಕ್ಕಿಯಲ್ಲ. ಗೋಡೆಗೆ ಗೋಡೆ ತಾಗಿದ ಮನೆ, ಹಾಗಾಗಿ ಚಿಕ್ಕಿ. ಗಂಡ ದೋಣಿಗೆ ಹೋಗುತ್ತಿದ್ದ, ಅವಳು ಬುಟ್ಟಿ ಹೊತ್ತು ಅಂಕೋಲೆಯ ಪೇಟೆಗೆ ಹೋಗಿ ಮೀನು ಮಾರುತ್ತಿದ್ದಳು. ದಪ್ಪ ಮೈ, ದೊಡ್ಡ ದನಿ. ಗಂಜಿ ಒಲೆಯ ಮೇಲಿಟ್ಟು ದಂಡೆಗೆ ಓಡುವಳು, ದೋಣಿ ಬರುವುದು ತಡವಾದರೆ ಗಂಜಿ ಸೀಯುವುದು. ಸೀದ ಗಂಜಿಯನ್ನೇ ಚಿಕ್ಕಪ್ಪ ನಗುತ್ತ ಉಣ್ಣುತ್ತಿದ್ದ.

ನಾನಾಗ ದಿನವೂ ಬಸ್ಸಿನಲ್ಲಿ ಕಾರವಾರಕ್ಕೆ ಹೋಗಿ ಬಿ.ಎಸ್ಸಿ.ಯಲ್ಲಿ ಸೂಕ್ಷ್ಮಜೀವಿ ವಿಜ್ಞಾನ ಓದುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅವ್ವ ಗೇರುಬೀಜ ಸುಲಿಯುವ ಕೆಲಸದಲ್ಲಿ ಸಿಪ್ಪೆಯ ಎಣ್ಣೆಗೆ ಕೈ ಸುಟ್ಟುಕೊಂಡು ದುಡಿದು ಓದಿಸಿದ ಡಿಗ್ರಿ ಅದು. ಅದರ ಹೆಮ್ಮೆ ನನಗೆ ಆಗಲೂ ಇತ್ತು, ಈಗಲೂ ಇದೆ.

ಆ ವರ್ಷ ಚಿಕ್ಕಪ್ಪನಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ದೂರದ ಆಸ್ಪತ್ರೆಗೆ ಹೋಗಿ ಬಂದರು. ಮನೆಗೆ ಕಳಿಸುವಾಗ ಡಾಕ್ಟರು ಒಳ್ಳೆಯ ಊಟ ಕೊಡಿ, ಮೈಗೆ ಶಕ್ತಿ ಬರಲಿ ಎಂದಿದ್ದರಂತೆ. ಚಿಕ್ಕಿ ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದವಳ ಹಾಗೆ ಬಂದಳು. ಪೇಟೆಯಲ್ಲಿ ಒಳ್ಳೆಯ ಬೆಲೆಗೆ ಹೋಗುತ್ತಿದ್ದ ನೊಗಲಿ ಮೀನನ್ನು ಮಾರದೆ ಮನೆಗೆ ತಂದಳು, ಮುಳ್ಳು ಬಿಡಿಸಿ ಬಾಯಿಗಿಟ್ಟಳು. ಗಂಜಿಗೆ ತುಪ್ಪ ಬಿತ್ತು, ಮೊಟ್ಟೆ ಬಂತು. ಆದರೂ ಚಿಕ್ಕಪ್ಪ ಇಳಿಯುತ್ತಲೇ ಹೋದ. ಬಲೆ ಎಳೆದು ಗಟ್ಟಿಯಾದ ತೋಳುಗಳು ಸೊರಗಿದವು. ಕೆನ್ನೆ ಒಳಗೆ ಹೋಯಿತು. ಸೊಂಟದಲ್ಲಿ ಲುಂಗಿ ನಿಲ್ಲದೆ ಮೇಲೊಂದು ದಾರ ಕಟ್ಟಿಕೊಳ್ಳುತ್ತಿದ್ದ.

ಕ್ಯಾನ್ಸರ್ ಅನ್ನುವುದು ಊರಿಗೆ ಗೊತ್ತಿತ್ತು. ಆದರೆ ಊರಿನ ಕಣ್ಣಿಗೆ ಬಿದ್ದದ್ದು ಬೇರೆ. ಗಂಡ ಕಡ್ಡಿಯಾಗಿದ್ದಾನೆ, ಹೆಂಡತಿ ಇದ್ದ ಹಾಗೇ ಇದ್ದಾಳೆ. ಎದುರು ಮನೆಯವಳು ಪೇಟೆಯಲ್ಲೂ ಅವಳ ಪಕ್ಕವೇ ಬುಟ್ಟಿ ಇಟ್ಟು ಕೂರುವವಳು. ಒಂದು ದಿನ ನಾನು ಬಸ್ಸಿಳಿದು ಪೇಟೆಯ ದಾರಿಯಲ್ಲಿ ಬರುವಾಗ ಎಲ್ಲರಿಗೂ ಕೇಳುವ ಹಾಗೆ ಚಿಕ್ಕಿಗೆ ಅಂದಳು: "ಹೊಟ್ಟೆತುಂಬ ಬಂಗಡೆ ನಿಂಗೆ, ಮುಳ್ಳು ಅವ್ನಿಗೆ. ಹಂಗೇ ಅಲ್ವನೇ?"

ಕೂತವರೆಲ್ಲ ನಕ್ಕರು. ಮಾತಿಗೆ ಮಾತು ಕೊಡುವ ಚಿಕ್ಕಿ ಅಂದು ಬರೀ ಮೀನಿನ ಮೇಲೆ ನೀರು ಚಿಮುಕಿಸಿದಳು.

ಮಾರನೆಯ ದಿನದಿಂದ ಚಿಕ್ಕಪ್ಪನ ಊಟ ಒಳಗಿನಿಂದ ಜಗುಲಿಗೆ ಬಂತು. ದಾರಿಯಲ್ಲಿ ಹೋಗುವವರಿಗೆಲ್ಲ ಬಟ್ಟಲು ಕಾಣುವ ಹಾಗೆ ಅವನನ್ನು ಕಂಬಕ್ಕೆ ಒರಗಿಸಿ ಕೂರಿಸಿ ಅವಳು ತುತ್ತು ಕೊಡುತ್ತಿದ್ದಳು. ಚಿಕ್ಕಪ್ಪನಿಗೆ ವಿಷಯ ತಿಳಿದಿತ್ತು. ಎದುರು ಮನೆಯವಳು ಹಾದರೆ ದನಿ ಎತ್ತಿ, "ನೋಡಿ ಹೋಗು ಅಕ್ಕಾ, ಇವತ್ತು ಮೀನಿನ ತಲೆನೂ ನಂಗೇ ಸಿಕ್ತು" ಅನ್ನುತ್ತಿದ್ದ.

ಚಿಕ್ಕಿ ಪೇಟೆಗೆ ಹೋದ ಒಂದು ಮಧ್ಯಾಹ್ನ ನೀರು ಕೊಡಲು ಹೋದಾಗ ನನ್ನೊಬ್ಬಳಿಗೆ ಹೇಳಿದ: "ಹಸಿವು ಅಂಬೂದೇ ಇಲ್ಲ ತಂಗಿ. ಬಾಯಿಗೆ ದಂಡೆ ಮೇಲಿನ ಹೊಯ್ಗೆ ತುಂಬ್ದಂಗೆ ಆತದೆ. ಉಣ್ದಿದ್ರೆ ಊರವ್ರು ಇವ್ಳಿಗೆ ಬಯ್ತ್ರು. ಅದ್ಕೇ ಉಣ್ತೆ."

ಅತ್ತ ಚಿಕ್ಕಿ ತಾನು ಉಣ್ಣುವುದನ್ನೇ ಬಿಡುತ್ತ ಬಂದಿದ್ದಳು. ಬೆಳಿಗ್ಗೆ ಚಹಾ, ಸಂಜೆ ಚಹಾ. ಅವ್ವ ಅನ್ನ ಕೊಟ್ಟರೆ ನಂದು ಊಟ ಆಯ್ತು ಅನ್ನುವಳು. ತಾನೂ ತೆಳ್ಳಗಾದರೆ ಆ ಮಾತು ನಿಲ್ಲುತ್ತದೆ ಎಂಬ ಲೆಕ್ಕ ಅದು. ಒಂದೇ ಸೂರಿನ ಕೆಳಗೆ ಒಬ್ಬ ಬೇಡದ ಊಟ ಉಣ್ಣುತ್ತಿದ್ದ, ಇನ್ನೊಬ್ಬಳು ಹಸಿದಿರುತ್ತಿದ್ದಳು. ಇಬ್ಬರದೂ ಊರಿಗೆ ಕಾಣಲೆಂದು...

ಒಂದು ಸಂಜೆ ಬಟ್ಟಲು ತೊಳೆಯುತ್ತ ಕೇಳಿದಳು: "ನೀ ಕಲ್ತವ್ಳು, ಹೇಳು ತಂಗಿ. ನಾ ಕೊಟ್ಟದ್ದೆಲ್ಲ ಇವ್ರ ಹೊಟ್ಟೆಗೆ ಹೋತದೆ. ಅಲ್ಲಿಂದ ಎಲ್ಲಿ ಹೋತದೆ? ನನ್ನ ಕೈಯಾಗೇ ಎಂತಾರೂ ದೋಷ ಇದ್ಯನ?"

ನನ್ನ ಪುಸ್ತಕದಲ್ಲಿ ಬ್ಯಾಕ್ಟೀರಿಯಾ ಅಂದರೆ ಹಾಲನ್ನು ಮೊಸರು ಮಾಡುವುದು, ಇಲ್ಲವೇ ರೋಗ ತರುವುದು. ಉಂಡರೂ ಮೈ ಯಾಕೆ ಸವೆಯುತ್ತದೆ ಎಂದು ಅದರಲ್ಲಿ ಇರಲಿಲ್ಲ. ಗೊತ್ತಿಲ್ಲ ಚಿಕ್ಕಿ ಅಂದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. "ಹಂಗಾರೆ ಇನ್ನೂ ಓದು" ಅಂದಳು.

ಮಳೆಗಾಲಕ್ಕೆ ಮೊದಲೇ ಚಿಕ್ಕಪ್ಪ ಹೋದ. ಚಿಕ್ಕಿ ಮತ್ತೆ ಬುಟ್ಟಿ ಹೊತ್ತಳು, ಆದರೆ ಆ ದೊಡ್ಡ ದನಿ ಮರಳಲಿಲ್ಲ. ಕೆಲವು ವರ್ಷಕ್ಕೆ ಅವಳೂ ಹೋದಳು. ನಾನಾಗ ಎಂ.ಎಸ್ಸಿ. ಪರೀಕ್ಷೆಗೆಂದು ಹೊರಗಿದ್ದೆ, ಮುಖ ನೋಡಲು ಆಗಲಿಲ್ಲ.

ಈಗ ನಾನು ಪ್ರಯೋಗಾಲಯವೊಂದರಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಕೆಲಸದಲ್ಲಿದ್ದೇನೆ. ಕ್ಯಾನ್ಸರ್ ಇದ್ದ ಹಲವರ ಮೈ ತನ್ನ ಸ್ನಾಯುಗಳನ್ನು ತಾನೇ ಕರಗಿಸಿಕೊಳ್ಳುತ್ತದೆ, ಎಷ್ಟು ಉಣಿಸಿದರೂ ಅದು ಪೂರ್ತಿ ನಿಲ್ಲುವುದಿಲ್ಲ. ಹಾಗೆ ಸೊರಗಿದವರ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳೂ ಬೇರೆಯಾಗಿರುತ್ತವೆ ಎಂದು ಓದಿದ್ದೇನೆ. ಸೊರಗುವುದಕ್ಕೆ ಅವು ಕಾರಣವೋ, ಸೊರಗಿದ್ದರಿಂದ ಅವು ಬದಲಾದವೋ, ಇನ್ನೂ ಹುಡುಕುತ್ತಿದ್ದಾರೆ. ಉಣಿಸಿದ ಕೈಯ ತಪ್ಪಲ್ಲ ಅನ್ನುವುದಂತೂ ಖಾತ್ರಿ. ಇದನ್ನು ಓದಿದ ದಿನ ಮೊದಲು ಅನ್ನಿಸಿದ್ದು, ಈಗಲೇ ಬಸ್ಸು ಹತ್ತಿ ಕೇಣಿಗೆ ಹೋಗಬೇಕು ಅಂತ... ಹೋಗಿ ಯಾರಿಗೆ ಹೇಳುವುದು?

ಗಂಜಿ ಸೀದ ಆ ಭಾನುವಾರ ಹೋದೆ. ಚಿಕ್ಕಿಯ ಮನೆಗೆ ಬೇರೆಯವರು ಬಂದಿದ್ದಾರೆ, ಜಗುಲಿಗೆ ಗ್ರಿಲ್ ಹಾಕಿಸಿದ್ದಾರೆ. ಎದುರು ಮನೆಯವಳು ಮುದುಕಿಯಾಗಿ ಹೊಸ್ತಿಲಲ್ಲಿ ಕೂತಿದ್ದಳು. ಅವಳಿಗೇ ಎಲ್ಲ ಬಿಡಿಸಿ ಹೇಳಿದೆ. ಕರುಳು, ಸ್ನಾಯು, ಕಣ್ಣಿಗೆ ಕಾಣದ ಜೀವಿಗಳು. ಕೊನೆಗೆ, "ಚಿಕ್ಕಿ ಗಂಡನಿಗೆ ಉಣ್ಸುದಿಲ್ಲ ಅಂತ ನೀವೆಲ್ಲ ಅಂತಿದ್ರಲ್ಲ" ಅಂದೆ.

ಅವಳು ಅಚ್ಚರಿಯಿಂದ ನನ್ನ ಮುಖ ನೋಡಿದಳು. "ಯಾರು ಹಂಗೆ ಅಂದವ್ರು? ಅವ್ಳಂಗೆ ಗಂಡನ್ನ ನೋಡ್ಕಂಡವ್ರು ಈ ಕೇಣಿಯಾಗೇ ಇಲ್ಲ."

ಸುಳ್ಳು ಹೇಳುವ ಮುಖವಲ್ಲ ಅದು. ನಿಜವಾಗಿಯೂ ಮರೆತಿದ್ದಳು. ಅವಳು ಕೊಟ್ಟ ಚಹಾ ಕುಡಿದು ಬಸ್ಸಿಗೆ ಹೊರಟೆ. ಅವಳ ಹಾಗೆ ಗಂಡನನ್ನು ನೋಡಿಕೊಂಡವರಿಲ್ಲ ಎಂಬ ಆ ಒಂದು ಮಾತನ್ನು ಚಿಕ್ಕಿ ಬದುಕಿದ್ದಾಗ ಒಂದು ಸಲ ಕೇಳಿದ್ದರೆ, ನಾನು ಇಷ್ಟು ವರ್ಷ ಓದಿ ತಂದ ಉತ್ತರ ಅವಳಿಗೆ ಬೇಕಾಗುತ್ತಲೇ ಇರಲಿಲ್ಲ.